ಡುಪ್ಲಿಕೇಟ್ ಅಲ್ಲ, ಬ್ಯಾರೆ ಕಂಪನಿದು

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಕಡಲೆಬೇಳೆಯಷ್ಟು ಅಗಲದ ಕಪ್ಪು ಕಲೆ ಇತ್ತು. ಅಲ್ಲಿ ಚರ್ಮ ಸುಟ್ಟು, ಗಟ್ಟಿಯಾಗಿ, ಬೆರಳಚ್ಚಿನ ಗೆರೆಗಳೇ ಅಳಿಸಿಹೋಗಿದ್ದವು. ಸತ್ಯನಾರಾಯಣಪೇಟೆಯಲ್ಲಿ ಇವತ್ತಿಗೂ ಯಾರನ್ನು ಕೇಳಿದರೂ ಒಂದೇ ಕಥೆ ಹೇಳುತ್ತಾರೆ: ಅಗ್ಗದ ಫ್ಲ್ಯಾಶ್ ಅವರ ಬೆರಳು ಸುಟ್ಟಿತು, ಕೊನೆಗೆ ಅಂಥದೇ ಅಗ್ಗದ ಫ್ಲ್ಯಾಶ್ ಕುರುಗೋಡಿನ ಮದುವೆಯಲ್ಲಿ ಕೈಕೊಟ್ಟು ಅವರ ಫೋಟೋ ಕೆಲಸವನ್ನೇ ತಿಂದಿತು.

ಎರಡೂ ಸುಳ್ಳು. ಬೆರಳು ಸುಟ್ಟದ್ದು ದುಬಾರಿ ಫ್ಲ್ಯಾಶ್. ರಿಪೇರಿಗೆ ಬಂದದ್ದನ್ನು ಅವಸರದಲ್ಲಿ ಬಿಚ್ಚಿದಾಗ ಒಳಗೆ ಉಳಿದಿದ್ದ ಕರೆಂಟು ಹೊಡೆದದ್ದು. ಇದನ್ನು ಅವರೇ ನನಗೆ ನಗುತ್ತಾ ಹೇಳಿದ್ದರು. ಎರಡನೆಯದು ಸುಳ್ಳೆಂದು ನನಗೆ ಯಾರೂ ಹೇಳಬೇಕಿಲ್ಲ. ಆ ಮದುವೆಯಲ್ಲಿ ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ಸಂಬಂಧವೇನೂ ಅಲ್ಲ. ಕಂಟೋನ್ಮೆಂಟಿನ ನಮ್ಮ ಮನೆಯ ಗೋಡೆಯ ಮೇಲಿರುವ ಫೋಟೋಗಳೆಲ್ಲ ಅವರು ತೆಗೆದವು, ಚರ್ಚಾಸ್ಪರ್ಧೆಯ ಕಪ್ ಹಿಡಿದು ಗತ್ತಿನಲ್ಲಿ ನಿಂತಿರುವ ನನ್ನದೂ ಸೇರಿ. ಆ ಕಪ್ಪಿನ ದೆಸೆಯಿಂದ ಅವರ ಬಾಯಲ್ಲಿ ನಾನು ವಕೀಲಮ್ಮ ಆದೆ. ಸತ್ಯನಾರಾಯಣಪೇಟೆಯ ಅವರ ಅಂಗಡಿಯಲ್ಲಿ ಮುಂದೆ ಒಂದು ಪುಟ್ಟ ಕೌಂಟರ್, ನಡುವೆ ಸ್ಟುಡಿಯೋ, ಹಿಂದೆ ಮನೆ. ಕ್ಯಾಮೆರಾ ಕಂಪನಿಯ ಫ್ಲ್ಯಾಶ್ ಕೊಳ್ಳಲಾಗದವರು ಸಿರುಗುಪ್ಪದಿಂದಲೂ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಬಂದವರು ಮೆಲ್ಲಗೆ, ಏನೋ ಕದ್ದ ಮಾಲು ಕೇಳುವವರ ಹಾಗೆ ಕೇಳುತ್ತಿದ್ದರು: “ಡುಪ್ಲಿಕೇಟ್ ಫ್ಲ್ಯಾಶ್ ಐತೇನ್ರಿ?”

ಕಾಕಾಗೆ ಆ ಒಂದು ಮಾತು ಆಗುತ್ತಿರಲಿಲ್ಲ.

“ಡುಪ್ಲಿಕೇಟ್ ಅಲ್ಲಪ್ಪಾ, ಬ್ಯಾರೆ ಕಂಪನಿದು. ಮಂದಿ ಹೆಸರು ಹಚ್ಕೊಂಡು ಬಂದಿದ್ರ ಅದು ಡುಪ್ಲಿಕೇಟ್. ಇದು ತನ್ನ ಹೆಸರ್ಲೇ ಬಂದೈತಿ, ತನ್ನ ಹೆಸರ್ಲೇ ದುಡಿತೈತಿ. ಮರ್ಯಾದಿ ಕೊಟ್ಟು ಮಾತಾಡು.”

ನಾನು ಹಳೆಯ ಕ್ಯಾಮೆರಾ ಒಂದನ್ನು ಸಂಪಾದಿಸಿ ಫ್ಲ್ಯಾಶ್ ಕೇಳಲು ಹೋದಾಗ ನನ್ನ ಮೊಬೈಲ್ ತುಂಬ ಹೋಲಿಕೆಗಳಿದ್ದವು. ಯಾವುದರ ಬೆಳಕು ಎಷ್ಟು ದೂರ ಹೋಗುತ್ತದೆ, ಯಾವುದು ಎಷ್ಟು ಸೆಕೆಂಡಿಗೆ ಮತ್ತೆ ತುಂಬಿಕೊಳ್ಳುತ್ತದೆ, ಎಲ್ಲ. ಕಾಕಾ ಮೊಬೈಲ್ ಕಡೆ ನೋಡಲೇ ಇಲ್ಲ.

“ಡಬ್ಬಿ ಮ್ಯಾಲಿನ ನಂಬರ್ ಬಿಡು. ತಲಿ ಎಲ್ಲಾ ಕಡಿ ತಿರುಗತೈತಾ ನೋಡು. ಕ್ಯಾಮೆರಾದ ಮ್ಯಾಲೆ ಕೂಡ್ರೋ ಕಾಲು ಪ್ಲಾಸ್ಟಿಕ್ಕೋ ಕಬ್ಬಿಣೋ ನೋಡು. ಆಮೇಲೆ ಉಸಿರು ಕೇಳು.”

ಎರಡು ಫ್ಲ್ಯಾಶ್ ತೆಗೆದು, ಒಂದೊಂದಾಗಿ ಹೊಡೆದು ಕಿವಿಗೆ ಹಿಡಿದರು. ಒಳಗಿನಿಂದ ಕುಂಯ್ ಎನ್ನುವ ಸಣ್ಣ ದನಿ ಏರುತ್ತ ಏರುತ್ತ ಹೋಗಿ ಕರಗುತ್ತದೆ. ಅದು ನಿಂತರೆ ತುಂಬಿಕೊಂಡಿತು ಅಂತ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಾಟಕ ಎಂದುಕೊಂಡೆ.

“ಕಾಕಾ, ಹಿಂದ ಕೆಂಪು ದೀಪ ಹತ್ತತೈತಲ್ಲ. ನೋಡಿದ್ರಾತು. ಕೇಳೋದ್ಯಾಕ?”

“ಎದಿ ಮ್ಯಾಲೆ ಕಿವಿ ಇಡದ ಡಾಕ್ಟರ್ ಹತ್ರ ಹೋಗ್ತಿಯೇನು ನೀ?”

ಆಗ ಕೌಂಟರಿನ ಕೆಳಗೆ, ಹಳದಿ ಬಟ್ಟೆಯಲ್ಲಿ ಸುತ್ತಿಟ್ಟ ಮೂರನೆಯದೊಂದು ನನ್ನ ಕಣ್ಣಿಗೆ ಬಿತ್ತು. ಕೇಳದೆ ತೆಗೆದು ಹೊಡೆದೆ. ಎರಡೇ ಕ್ಷಣ. ‘ಪೀಂ’ ಎಂದು ಕೂಗಿತು. ತುಂಬಿಕೊಂಡಾಗ ತಾನೇ ಕೂಗಿ ಹೇಳುವ ಫ್ಲ್ಯಾಶ್!

“ಅದು ಬ್ಯಾಡ ಬಿಡವ್ವ. ಒಂದಾ ಪೀಸ್ ಐತಿ. ಭಾಳ ಕೂಗ್ತೈತಿ, ತಲಿ ತಿಂತೈತಿ.”

ನನಗೆ ಅಷ್ಟು ಸಾಕಿತ್ತು. ಎದುರಾಳಿಯ ವಾದವನ್ನು ಎದುರಾಳಿಯ ಮೇಲೆಯೇ ತಿರುಗಿಸುವುದು ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ ಮೊದಲ ಪಾಠ. “ಕಿವಿಲೇ ಆರಿಸ್ಬೇಕು ಅಂದೋರು ನೀವು. ಲಗ್ನದಾಗ ಕಣ್ಣು ಮದುಮಗಳ ಮ್ಯಾಲಿರ್ಬೇಕೋ, ದೀಪದ ಮ್ಯಾಲೋ? ಇದು ಕೂಗಿ ಹೇಳ್ತೈತಿ, ಕಣ್ಣು ತೆಗಿಯೋದಾ ಬ್ಯಾಡ. ನಿಮ್ಮ ಮಾತಿನ ಪ್ರಕಾರಾನಾ ಇದು ಎಲ್ಲಾಕ್ಕಿಂತ ಚಲೋ. ಚಲೋದನ್ನ ಮುಚ್ಚಿಟ್ಟು ಉಳಿದದ್ದು ಮಾರ್ತೀರೇನು?”

ಚಹಾ ಹಿಡಿದು ಒಳಬಾಗಿಲಲ್ಲಿ ಬಂದು ನಿಂತಿದ್ದ ಕಾಕಿ, “ರೀ, ಅದು…” ಎಂದರು.

“ನೀ ಚಾ ಕೊಡು ಆಕಿಗೆ,” ಎಂದರು ಕಾಕಾ. ಸುಟ್ಟ ಹೆಬ್ಬೆರಳಿನಿಂದ ಫ್ಲ್ಯಾಶಿನ ಮುಖ ಒರೆಸಿ ನನ್ನ ಕೈಗಿಟ್ಟರು. “ಗೆದ್ದಿ ಬಿಡವ್ವ. ತಗೊಂಡು ಹೋಗು.”

ಆ ಫ್ಲ್ಯಾಶ್ ಬಳಸುವುದನ್ನು ಕಲಿಸಿದ್ದು ಕೆಂಚನಗುಡ್ಡದಲ್ಲಿ, ಸುಡು ಮಧ್ಯಾಹ್ನ. ಬಿಸಿಲಲ್ಲಿ ಯಾರಾದರೂ ಫ್ಲ್ಯಾಶ್ ಹಾಕುತ್ತಾರೆಯೇ ಎಂದು ನಾನು ವಾದ ತೆಗೆದೆ. ಅವರು ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ರುಮಾಲಿನ ಅಜ್ಜನನ್ನು ಕರೆದು ನಿಲ್ಲಿಸಿದರು. ಫ್ಲ್ಯಾಶ್ ಇಲ್ಲದೆ ತೆಗೆದದ್ದರಲ್ಲಿ ರುಮಾಲಿನ ನೆರಳು ಬಿದ್ದು ಮುಖವೆಲ್ಲ ಕಪ್ಪು. ಫ್ಲ್ಯಾಶ್ ಹಾಕಿ ತೆಗೆದದ್ದರಲ್ಲಿ ಕಣ್ಣಿತ್ತು, ನಗು ಇತ್ತು, ಬಿದ್ದುಹೋದ ಹಲ್ಲಿನ ಜಾಗವೂ ಇತ್ತು.

“ನಮ್ಮ ಕಡಿ ಬಿಸಿಲಾ ಮಾರಿ ಮುಚ್ಚತೈತವ್ವ. ಫ್ಲ್ಯಾಶ್ ಇರೋದು ಕತ್ತಲಿಗಲ್ಲ, ನೆರಳಿಗೆ.”

ಅವತ್ತು ಮೆಟ್ಟಿಲು ಇಳಿಯುವಾಗ ಅವರು ನನ್ನ ಭುಜ ಹಿಡಿದುಕೊಂಡರು. ವಯಸ್ಸು ಎಂದುಕೊಂಡೆ. ಎಲ್ಲದಕ್ಕೂ ಪುರಾವೆ ಕೇಳುವವಳು ನಾನು. ಕಣ್ಣೆದುರಿದ್ದ ಪುರಾವೆ ನೋಡಲಿಲ್ಲ.

ಆಮೇಲೆ ಅವರ ಜೊತೆ ಮದುವೆಗಳಿಗೆ ಹೋಗತೊಡಗಿದೆ. ನಮ್ಮ ಕಡೆಯ ಮದುವೆಗಳಲ್ಲಿ ಒಂದು ವಿಚಿತ್ರ ರೂಢಿ ಬೆಳೆದುಬಿಟ್ಟಿದೆ. ವಾಲಗದ ಸದ್ದಿನಲ್ಲಿ ಹಿಂದಿದ್ದವರಿಗೆ ಮಂತ್ರ ಕೇಳುವುದಿಲ್ಲ, ವೇದಿಕೆಯ ಮೇಲೆ ಮುತ್ತಿಕೊಂಡ ಬೀಗರ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ. ಹಾಗಾಗಿ ಅಕ್ಕಿಕಾಳು ಹಿಡಿದ ಮಂದಿ ಕಾಯುವುದು ಫ್ಲ್ಯಾಶಿಗೆ. ಫ್ಲ್ಯಾಶ್ ಹೊಡೆಯಿತೆಂದರೆ ತಾಳಿ ಬಿತ್ತು ಅಂತ ಲೆಕ್ಕ. ಇದು ಗೊತ್ತಿದ್ದೇ ಕಾಕಾ ತಾಳಿಗೆ ಮೊದಲಿನ ಎರಡು ನಿಮಿಷ ಫ್ಲ್ಯಾಶನ್ನು ಮುಟ್ಟುತ್ತಲೇ ಇರಲಿಲ್ಲ.

ಕುರುಗೋಡಿನಲ್ಲಿ ಮದುಮಗ ತಾಳಿಯನ್ನು ಇನ್ನೂ ತಟ್ಟೆಯಿಂದ ಎತ್ತುತ್ತಿದ್ದ. ನನ್ನ ಕಣ್ಣು ಮದುಮಗಳ ಮೇಲಿತ್ತು. ಪಕ್ಕದಲ್ಲಿ ಕಾಕಾರ ಹಳೆಯ ಫ್ಲ್ಯಾಶ್ ಫಳ್ ಎಂದು ಬೆಳಗಿತು. ಒಂದೇ ಕ್ಷಣ, ಇಡೀ ಮಂಟಪ ಅಕ್ಕಿಕಾಳು ಎಸೆಯಿತು. ವಾಲಗ ಜೋರಾಯಿತು. ಖಾಲಿ ಕೊರಳಿನ ಮದುಮಗಳ ತಲೆಯ ಮೇಲೆ ಹಳದಿ ಅಕ್ಕಿ ಸುರಿಯಿತು. ಮೊದಲು ಯಾರೋ ನಕ್ಕರು. ಆಮೇಲೆ ಮದುಮಗಳು ಅಳತೊಡಗಿದಳು. ಅಡಿಗೆಮನೆಯಿಂದ ಮತ್ತೆ ಅಕ್ಕಿ ತರಿಸಬೇಕಾಯಿತು.

ಹುಡುಗಿಯ ಸೋದರಮಾವ ವೇದಿಕೆಯಿಂದಲೇ ಕೂಗಿದರು: “ಏನ್ರೀ ಅದು, ನಿಮ್ಮ ಡುಪ್ಲಿಕೇಟ್ ಫ್ಲ್ಯಾಶ್!”

ಕಾಕಾ ತಿದ್ದುತ್ತಾರೆ ಎಂದು ಕಾದೆ. ಅವರು ತಲೆ ತಗ್ಗಿಸಿ, “ಹೌದ್ರಿ, ಫ್ಲ್ಯಾಶ್ ಕೈ ಕೊಡ್ತು,” ಎಂದರು.

ನನಗೆ ತಡೆಯಲಾಗಲಿಲ್ಲ. ಜೀವಮಾನವಿಡೀ ಯಾವುದರ ಪರ ನಿಂತರೋ ಅದನ್ನೇ ಬಿಟ್ಟುಕೊಟ್ಟರಲ್ಲ! ವಾರದ ನಂತರ ಆ ಸೋದರಮಾವ ಆಲ್ಬಮ್ಮಿಗೆ ಫೋಟೋ ಆರಿಸಲು ಅಂಗಡಿಗೆ ಬಂದಾಗ ಕಾಕಾರ ಆ ಹಳೆಯ ಫ್ಲ್ಯಾಶನ್ನು ಕೌಂಟರಿನ ಮೇಲಿಟ್ಟು ನಾನೇ ವಾದ ಶುರು ಮಾಡಿದೆ.

“ನೋಡ್ರಿ, ಮುಂಜಾನಿಂದ ಹಚ್ಚಿ ಇಟ್ಟೀನಿ. ಒಂದು ಸಲಾನೂ ತಾನಾ ಹೊಡಿದಿಲ್ಲ. ಇದರಾಗ ಕೆಂಪು ದೀಪಾನಾ ಗುಂಡಿ. ಆ ದೀಪ ಯಾರರ ಒತ್ತಿದ್ರ ಮಾತ್ರ…”

ಮಾತು ಮುಗಿಯುವ ಮೊದಲೇ ನನಗೆ ಅರ್ಥವಾಯಿತು. ಆದರೆ ಮಾತನ್ನು ಅರ್ಧಕ್ಕೆ ನುಂಗುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. “…ಒತ್ತಿದ್ರ ಮಾತ್ರ ಹೊಡಿತೈತಿ,” ಎಂದು ಮುಗಿಸಿಯೇಬಿಟ್ಟೆ.

ಕಾಕಾ ಹೆಬ್ಬೆರಳನ್ನು ಉಜ್ಜಿಕೊಳ್ಳುತ್ತ ನಿಂತಿದ್ದರು. “ನಾನಾ ಒತ್ತಿದ್ದು, ಸಾಹೇಬ್ರ. ದೀಪ ಹತ್ತೈತೋ ಇಲ್ಲೋ ಕಾಣವಲ್ದು. ಕಣ್ಣಿನ ಹತ್ರ ಹಿಡಿದು ನೋಡಾಕ ಹೋದೆ. ಈ ಸುಟ್ಟ ಬೆರಳಿಗೆ ಮುಟ್ಟಿದ್ದು ತಿಳಿಯಂಗಿಲ್ಲ. ಫ್ಲ್ಯಾಶ್ ಅಸಲಿ ಐತ್ರಿ. ಡುಪ್ಲಿಕೇಟ್ ಆಗಿದ್ದು ನನ್ನ ಕಣ್ಣು.”

ಆ ಮನುಷ್ಯ ಆಲ್ಬಮ್ಮಿನ ಫೋಟೋ ಆರಿಸಿ ಮುಗಿಸಿದರು. ಹೋಗುವಾಗ ಕಾಕಾರ ಕೈ ಹಿಡಿದು ಹೇಳಿದರು: “ಇರ್ಲಿ ಬಿಡ್ರಿ ಅಣ್ಣಾರ. ಕೇಳಿದೋರಿಗೆ ನಾವು ಫ್ಲ್ಯಾಶ್ ಅಂತಾನಾ ಹೇಳ್ತೀವಿ.”

ಹೇಳಿದರು. ಸತ್ಯನಾರಾಯಣಪೇಟೆಯ ಕಥೆ ಹುಟ್ಟಿದ್ದು ಹಾಗೆ, ಒಬ್ಬರ ದಯೆಯಿಂದ. ಆ ದಯೆಯನ್ನು ನಾನೀಗ ಮುರಿಯುತ್ತಿದ್ದೇನೆ, ಗೊತ್ತಿದೆ. ಆದರೆ ಆ ಕಥೆ ಕೇಳಿ ಇವತ್ತು ಮಂದಿ ಅವರು ಆರಿಸಿಕೊಟ್ಟ ಫ್ಲ್ಯಾಶುಗಳನ್ನೇ ಬೈಯುತ್ತಾರೆ. ಅದನ್ನೂ ಸಹಿಸಲಾಗುವುದಿಲ್ಲ.

ಕಾಕಾ ಮತ್ತೆ ಯಾವ ಮದುವೆಯನ್ನೂ ಒಪ್ಪಲಿಲ್ಲ. ಸಿರುಗುಪ್ಪದಲ್ಲಿ ಒಪ್ಪಿಕೊಂಡಿದ್ದ ಮದುವೆಯನ್ನು ನನಗೆ ಕೊಟ್ಟರು. “ಕಾಣದೋರು ತಾಳಿ ಮುಂದ ನಿಲ್ಲಬಾರ್ದವ್ವ,” ಎಂದರು, ಅಷ್ಟೇ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾದಿಸಬಹುದಿತ್ತು. ಕೌಂಟರಿನ ಹಿಂದೆ ಕೂತು, ಬಂದವರಿಗೆ ಉಸಿರು ಕೇಳಿ ಫ್ಲ್ಯಾಶ್ ಆರಿಸಿಕೊಡುತ್ತ ಉಳಿದ ದಿನ ಕಳೆದರು. ಕಣ್ಣು ತಿಂದ ಸಕ್ಕರೆ ಕಾಯಿಲೆಯೇ ಮುಂದಿನ ಬೇಸಿಗೆಯಲ್ಲಿ ಅವರನ್ನೂ ತಿಂದಿತು. ಗೋಡೆಗೆ ಹಾಕಲು ಅವರದೊಂದು ಒಳ್ಳೆಯ ಫೋಟೋ ಇರಲಿಲ್ಲ. ಕೆಂಚನಗುಡ್ಡದಲ್ಲಿ ನಾನು ತೆಗೆದದ್ದನ್ನೇ ಹಾಕಿದರು. ಫ್ಲ್ಯಾಶ್ ಹಾಕದೆ ತೆಗೆದದ್ದು. ಅರ್ಧ ಮುಖ ನೆರಳಿನಲ್ಲಿದೆ.

ದಿನಕರ್ಮ ಮುಗಿದ ಮೇಲೆ ಕಾಕಿ ಅಂಗಡಿ ಖಾಲಿ ಮಾಡುತ್ತಿದ್ದಾಗ ನಾನು ಜೊತೆಗಿದ್ದೆ. ಕೌಂಟರಿನ ಕೆಳಗೆ ಆ ಹಳದಿ ಬಟ್ಟೆ ಸಿಕ್ಕಿತು. ಕಾಕಿ ಅದನ್ನು ಮಡಚುತ್ತ, ನನ್ನ ಕಡೆ ನೋಡದೆ ಹೇಳಿದರು: “ಆ ಕೂಗೋ ಫ್ಲ್ಯಾಶ್ ಅವರು ತಮಗಂತ ತರಿಸಿದ್ರು. ಕಣ್ಣಿಗೆ ಕಾಣದಿದ್ರೂ ಕಿವಿಗರ ಕೇಳ್ಲಿ ಅಂತ.”

ಆ ಫ್ಲ್ಯಾಶ್ ಈಗ ನನ್ನ ಚೀಲದಲ್ಲಿದೆ. ಪ್ರತಿ ಮದುವೆಯಲ್ಲಿ, ತಾಳಿಗೆ ಮೊದಲಿನ ಆ ಎರಡು ನಿಮಿಷದಲ್ಲಿ, ಪೀಂ ಎಂದು ಕೂಗಿ ಸುಮ್ಮನಾಗುತ್ತದೆ.

ಅವತ್ತು ನನ್ನ ಹತ್ತು ಮಾತಿಗೆ ನಿಮ್ಮದು ಒಂದೇ ಮಾತು ಸಾಕಿತ್ತು. ‘ಇದು ನಂದವ್ವ’ ಅಂದಿದ್ದರೆ ನಾನು ಅಲ್ಲೇ ಸೋಲುತ್ತಿದ್ದೆ. ಯಾಕ ಅನ್ನಲಿಲ್ಲ, ಕಾಕಾ?