ಹಾಲಿನ ಡೈರಿಯಲ್ಲಿ ಬಿಪಿ ಮಿಷನ್ನು

ನಾನು ನರ್ಸು. ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಗಂಡಸರು ಕಾಲಿಡುತ್ತಲೇ ಇರಲಿಲ್ಲ. ಅದು ಬಾಣಂತಿಯರ ಜಾಗ ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದರು. ನನಗೂ ಹಟ. ಒಂದು ಬೆಳಿಗ್ಗೆ ಬಿಪಿ ಮಿಷನ್ ಹೊತ್ತುಕೊಂಡು ಹೋಗಿ ಕಡಹಿನಬೈಲಿನ ಹಾಲಿನ ಡೈರಿ ಎದುರೇ ಕುಳಿತೆ.

ಎಲ್ಲರೂ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿದ್ದರು. ನನ್ನ ಕಡೆ ಒಬ್ಬರೂ ತಿರುಗಲಿಲ್ಲ. ಕೊನೆಗೆ ಸಾಲಿನಲ್ಲಿದ್ದ ಶೇಷಪ್ಪಣ್ಣ, ಪಾಪ, ಹುಡುಗಿ ಸುಮ್ಮನೆ ಕೂತಿದ್ದಾಳೆ ಎಂದು ತೋಳು ಚಾಚಿದರು. ನೂರಾ ತೊಂಬತ್ತು! ಮತ್ತೊಮ್ಮೆ ನೋಡಿದೆ, ಅಷ್ಟೇ. ನೂರಾ ಇಪ್ಪತ್ತರ ಆಚೀಚೆ ಇರಬೇಕಾದದ್ದು. ಅವರು ಮಾತ್ರ ಸಾಲಿನತ್ತ ತಿರುಗಿ, "ನೋಡ್ರಪ್ಪಾ, ನಂದು ನೂರಾ ತೊಂಬತ್ತು! ನಿಮ್ದೆಷ್ಟು?" ಎಂದು ಮೀಸೆ ತಿರುವಿದರು.

ಡೈರಿಯಲ್ಲಿ ಹಾಲಿಗೆ ಫ್ಯಾಟ್ ಜಾಸ್ತಿ ಬಂದವನೇ ದೊಡ್ಡ ಮನುಷ್ಯ. ಬಿಪಿಯೂ ಹಾಗೇ ಅಂದುಕೊಂಡಿದ್ದರು!

ತಿದ್ದಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅಷ್ಟರಲ್ಲಿ ಇಡೀ ಸಾಲು ಅಂಗಿಯ ತೋಳು ಮಡಚಿಕೊಂಡು ನನ್ನತ್ತ ನುಗ್ಗಿತ್ತು. ಶೇಷಪ್ಪಣ್ಣನನ್ನು ಬೆಂಚಿನ ಮೇಲೆ ಕೂರಿಸಿ, ಎಲ್ಲರದ್ದೂ ನೋಡಿ ಮುಗಿಸಿದ ಮೇಲೇ ಹೇಳಿದೆ: "ಇಲ್ಲಿ ಕಮ್ಮಿ ಬಂದವರು ಗೆದ್ದ ಹಾಗೆ. ಶೇಷಪ್ಪಣ್ಣ, ಏಳಿ, ಈಗಲೇ ಡಾಕ್ಟರ್ ಹತ್ರ ಹೋಗಣ."

"ಎಂತದು ಮಾರಾಯ್ತಿ, ಮೊದಲೇ ಹೇಳ್ಬಾರ್ದಿತ್ತಾ!" ಎನ್ನುತ್ತಾ ಶೇಷಪ್ಪಣ್ಣ ಎದ್ದರು.

ಮಾತ್ರೆ ಶುರುವಾಯಿತು, ಊಟದಲ್ಲಿ ಉಪ್ಪಿನಕಾಯಿ ನಿಂತಿತು. ಎರಡು ತಿಂಗಳಿಗೆ ನೂರಾ ಮೂವತ್ತು. ಅದನ್ನೂ ಅವರು ಡೈರಿಯಲ್ಲಿ ಮೀಸೆ ತಿರುವಿಯೇ ಸಾರಿದರು.

ಈಗ ಉಪಕೇಂದ್ರದ ಜಗಲಿ ತುಂಬ ಗಂಡಸರು. ಮೊನ್ನೆ ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದ ಬಾಣಂತಿಯೊಬ್ಬಳು ಬಾಗಿಲಲ್ಲೇ ನಿಂತು ಕೇಳಿದಳು: "ಸಿಸ್ಟರ್, ನಾವೂ ಒಳಗೆ ಬರಬಹುದಾ?"