ಕೆಳಗಿನ ಮನೆಯ ಅಜ್ಜಿ

ಜಪಾನಿನ ಮಳೆ ನಮ್ಮ ಗುಬ್ಬಿಯ ಮಳೆಯ ಹಾಗೆ ಬಂದು ಬಡಿದು ಹೋಗುವಂಥದ್ದಲ್ಲ. ಜೂನಿನಲ್ಲಿ ಬಂದದ್ದು, ಹೊರಡುವ ಮಾತೇ ಆಡದ ನೆಂಟರ ಹಾಗೆ ಕೂತುಬಿಡುತ್ತದೆ. ಗುಡುಗಿಲ್ಲ, ಸಿಡಿಲಿಲ್ಲ, ಬರೀ ಜಿಟಿಜಿಟಿ. ಒಗೆದ ಬಟ್ಟೆ ಒಣಗದು. ಊರಿಂದ ತಂದ ಚಪ್ಪಲಿಗೆ ಬೂಷ್ಟು, ಅಮ್ಮ ಕಟ್ಟಿಕೊಟ್ಟ ವಿಭೂತಿಗಟ್ಟಿಯೂ ತೇವ. ಹಾಳಾದ ಮಳೆ!

ತುಮಕೂರಿನ ಹತ್ತಿರದ ಒಂದು ಜಪಾನಿ ಫ್ಯಾಕ್ಟರಿಯಲ್ಲಿದ್ದ ನಮ್ಮನೆಯವರನ್ನು ಅವರ ದೇಶಕ್ಕೇ ಕಳಿಸಿದ್ದರು. ನಾನೂ ಮೂರು ವರ್ಷದ ಮಗಳೂ ಜೊತೆಗೆ ಹೋದೆವು. ಮರದ ಹಲಗೆಯ ಹಳೇ ಕಟ್ಟಡದ ಮೇಲಂತಸ್ತಿನಲ್ಲಿ ಎರಡು ಪುಟ್ಟ ಕೋಣೆ. ಇವರು ಬೆಳಿಗ್ಗೆ ರೇನ್‌ಕೋಟು ತೊಟ್ಟು ಸೈಕಲ್ ಹತ್ತಿದರೆ ಬರುವುದು ಕತ್ತಲಾದ ಮೇಲೆ. ಅಲ್ಲಿಯವರೆಗೆ ನಾನು, ಮಗಳು, ಒಳಗೇ ನೇತುಹಾಕಿದ ಹಸಿಬಟ್ಟೆ.

ಮಗಳು ಓಡುತ್ತಿದ್ದಳು. ಗೋಡೆಯಿಂದ ಗೋಡೆಗೆ, ಇಡೀ ದಿನ. ಕಾಲಲ್ಲಿ ಬೆಳ್ಳಿಗೆಜ್ಜೆ ಬೇರೆ. ಹೊರಡುವ ದಿನ ಅಮ್ಮ ತಾನೇ ಹಾಕಿ, "ಫಾರಿನ್‌ನಲ್ಲಿ ಮಗು ಎಲ್ಲಾದ್ರೂ ತಪ್ಪುಸ್ಕೊಂಡ್ರೆ ಸದ್ದು ಕೇಳುಸ್ಲಿ ಕಣೇ" ಅಂದಿದ್ದಳು.

ಒಂದು ದಿನ ಬಾಗಿಲ ಬೆಲ್ ಆಯಿತು. ಬಾಗಿಲಲ್ಲಿ ಕೆಳಗಿನ ಮನೆಯ ಅಜ್ಜಿ. ಬಗ್ಗಿ ನಮಸ್ಕರಿಸಿ ತಮ್ಮ ಭಾಷೆಯಲ್ಲಿ ಮೊಬೈಲಿಗೆ ಏನೋ ಹೇಳಿದರು. ಮೊಬೈಲು ವಾರ್ತೆ ಓದುವವರ ಕನ್ನಡದಲ್ಲಿ ನುಡಿಯಿತು: "ನಿಮ್ಮ ಮಗು ಬಹಳ ಚಟುವಟಿಕೆಯಿಂದಿದೆ. ಗಂಟೆಯ ಸದ್ದು ನಮ್ಮ ಮನೆಯಲ್ಲಿ ಬಹಳ ಚೆನ್ನಾಗಿ ಕೇಳಿಸುತ್ತದೆ."

ನನಗೋ ಹಿಗ್ಗೋ ಹಿಗ್ಗು! ಆ ಊರಿಗೆ ಬಂದ ಮೇಲೆ ಮನೆ ಬಾಗಿಲಿಗೆ ಬಂದು ಮಾತಾಡಿಸಿದ ಮೊದಲ ಜೀವ ಅದು. "ಎಲ್ಲಿ ಚಿನ್ನಾ, ಅಜ್ಜಿಗೆ ಕುಣಿದು ತೋರ್ಸು" ಎಂದೆ. ಅವಳು ಧಡಧಡ ಕುಣಿದಳು. ಅಜ್ಜಿ ಮತ್ತೆ ಮತ್ತೆ ಬಗ್ಗಿದರು. ಡಬ್ಬಿಯಲ್ಲಿದ್ದ ಕೋಡುಬಳೆ ಕಟ್ಟಿಕೊಟ್ಟು ಕಳಿಸಿದೆ. ಕೆಲವು ದಿನ ಕಳೆದು ಅವರೇ ಮಗಳಿಗೆ ದಪ್ಪನೆಯ ಉಣ್ಣೆಯ ಕಾಲುಚೀಲ ತಂದುಕೊಟ್ಟರು. ಎಂಥಾ ಒಳ್ಳೆಯವರು ಎಂದು ನನಗೆ ಕಣ್ಣು ತುಂಬಿ ಬಂದಿತ್ತು. ಆ ಸೆಕೆಯಲ್ಲಿ ಉಣ್ಣೆ ಯಾಕೆಂದು ನಾನು ಕೇಳಿಕೊಳ್ಳಲೇ ಇಲ್ಲ.

ಅದೇ ವಾರ ಇವರು ಮುಖ ಸಪ್ಪಗೆ ಮಾಡಿಕೊಂಡು ಬಂದರು.

"ಅದು ಹೊಗಳಿದ್ದಲ್ಲ ಕಣೇ. ದಯವಿಟ್ಟು ಓಡಿಸ್ಬೇಡಿ ಅಂತ ಕೇಳ್ಕೊಂಡಿದ್ದು. ಅವ್ರ ಯಜಮಾನ್ರು ಹಾಸಿಗೆ ಹಿಡಿದವ್ರಂತೆ. ಇನ್ನೊಂದ್ ಸಲ ಕಂಪ್ಲೇಂಟ್ ಬಂದ್ರೆ ಮನೆ ಖಾಲಿ ಮಾಡ್ಬೇಕು ಅಂತ ಮನೆ ಓನರ್ ಫೋನ್ ಮಾಡಿದ್ರು. ನಮ್ಮಂಥೋರಿಗೆ ಇಲ್ಲಿ ಮನೆ ಯಾರು ಕೊಡ್ತಾರೆ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ಸಿಟ್ಟು ಬಂತು. ಗುಬ್ಬಿಯಲ್ಲಾಗಿದ್ದರೆ ಪಕ್ಕದ ಮನೆಯಾಕೆ, "ಏನ್ರಮ್ಮ, ಮಗು ಸಾಕಿದೀರೋ ಕುಣಿಗಲ್ ಕುದ್ರೆ ಸಾಕಿದೀರೋ?" ಅಂತ ನೇರವಾಗಿ ಕೇಳುತ್ತಿದ್ದಳು. ನಾನೂ ನಾಲ್ಕು ಮಾತು ಆಡಿ, ಸಂಜೆಗೆ ಅವಳ ಹತ್ತಿರವೇ ಹೆಪ್ಪಿಗೆ ಮಜ್ಜಿಗೆ ಇಸಿದುಕೊಳ್ಳುತ್ತಿದ್ದೆ. ಇಲ್ಲಿ ಜಗಳಕ್ಕೂ ಗತಿಯಿಲ್ಲ. ಯಾರ ಮೇಲೆ ಕೂಗಾಡುವುದು? ಹಾಸಿಗೆ ಹಿಡಿದ ಗಂಡನನ್ನಿಟ್ಟುಕೊಂಡು ಕಾಲುಚೀಲ ತಂದುಕೊಟ್ಟ ಮುದುಕಿಯ ಮೇಲೆಯೇ?

ಗೆಜ್ಜೆ ಬಿಚ್ಚಿ ವಿಭೂತಿಯ ಡಬ್ಬಿಯಲ್ಲಿಟ್ಟೆ. ಮಗಳಿಗೆ ನಡೆಯುವುದನ್ನು ಎರಡನೇ ಸಲ ಕಲಿಸಿದೆ. ನೆಲದ ಮೇಲೆ ಕೂತು, ಅವಳ ಒಂದೊಂದೇ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಇಳಿಸಿ, "ಹಿಂಗೆ. ಶ್... ಕೆಳಗಿನ ಅಜ್ಜಿ ಮನೇಲಿ ಮಲಗಿದಾರೆ" ಎನ್ನುತ್ತಿದ್ದೆ. ಹೊರಗೆ ಕರೆದೊಯ್ಯೋಣವೆಂದರೆ ಮಳೆ. ಕಿಟಕಿ ತೆರೆದರೆ ಮಳೆ. ಕುಕ್ಕರ್ ಕೂಗಿದರೆ ತುದಿಗಾಲಲ್ಲಿ ಹೋಗಿ ಒಲೆ ಆರಿಸುತ್ತಿದ್ದೆ. ಲೋಟ ಕೈಜಾರಿದರೆ ಇಬ್ಬರೂ ಕಲ್ಲಾಗಿ ನಿಂತು ಬಾಗಿಲ ಬೆಲ್‌ಗಾಗಿ ಕಾಯುತ್ತಿದ್ದೆವು. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಅಮ್ಮ ಫೋನಿನಲ್ಲಿ ಕೇಳಿದಳು, "ಯಾಕೇ ಹಂಗೆ ಪಿಸಪಿಸ ಅಂತೀಯ? ಯಾರಾದ್ರೂ ಮಲ್ಗವ್ರಾ? ಮಗೀನ ಗೆಜ್ಜೆ ಸದ್ದೇ ಇಲ್ವಲ್ಲೇ, ಮಾರ್ಕೊಂಡ್ಯಾ?"

"ಕಾಲು ಒತ್ತುತ್ತೆ ಅಂತ ಬಿಚ್ಚಿದೀನಮ್ಮ" ಎಂದು ಫೋನಿಟ್ಟು ದಿಂಬಿಗೆ ಮುಖವೊತ್ತಿ ಅತ್ತೆ. ಅಳುವಿಗೂ ಸದ್ದಿರಲಿಲ್ಲ.

ಮಳೆ ನಿಂತ ಮೇಲೆ ಮಗಳು ಪಾರ್ಕಿನಲ್ಲಿ ಓಡಿದಳು. ಮನೆಯ ಬಾಗಿಲು ದಾಟಿ ಒಳಗೆ ಬಂದರೆ ಮಾತ್ರ ತಾನೇ ತುದಿಗಾಲಿಗೆ ಬರುತ್ತಿದ್ದಳು. ಊರಿಗೆ ಹೋದರೆ ಎಲ್ಲಾ ಸರಿಹೋಗುತ್ತದೆ ಎಂದು ನಾನು ದೀಪಾವಳಿಯ ರಜೆಗಾಗಿ ಜೀವ ಹಿಡಿದುಕೊಂಡಿದ್ದೆ.

ಗುಬ್ಬಿಯ ಮನೆಯಲ್ಲಿ ಬ್ಯಾಗು ಇಳಿಸುವ ಮೊದಲೇ ಅಮ್ಮ ಗೆಜ್ಜೆ ಕೇಳಿ ಇಸಿದುಕೊಂಡು ಮಗಳ ಕಾಲಿಗೆ ಹಾಕಿದಳು. ಉದ್ದನೆಯ ಕೆಂಪು ಗಾರೆಯ ಪಡಸಾಲೆ, ಮುಂದೆ ಅಂಗಳ. "ಓಡು ನನ್ ಕುದ್ರೆಮರಿ!" ಎಂದಳು. ಮಗಳು ಒಂದು ಹೆಜ್ಜೆ ಇಟ್ಟಳು. ಝಲ್ ಎಂದಿತು. ತಟ್ಟನೆ ಕುಕ್ಕರಿಸಿ ಎರಡೂ ಗೆಜ್ಜೆಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಕೆಳಗಿನ ಅಜ್ಜಿ..." ಎಂದಳು.

"ಯಾವ ಅಜ್ಜಿನೇ? ಇಲ್ಲಿರೋಳು ನಾನೊಬ್ಳೇ ಅಜ್ಜಿ. ಕೆಳಗೆ ಬರೀ ಮಣ್ಣು ಕಣವ್ವಾ" ಎಂದು ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಸೆರಗು ಸಿಕ್ಕಿಸಿ, ಆ ನೆಲದ ಮೇಲೆ ಧಪಧಪ ಕುಣಿಯತೊಡಗಿದೆ. "ನೋಡು ಚಿನ್ನಾ, ಯಾರೂ ಇಲ್ಲ! ಎಷ್ಟು ಬೇಕಾದ್ರೂ ಕುಣಿ! ಯಾರೂ ಏನೂ ಅನ್ನಲ್ಲ!" ನನ್ನ ಗಂಟಲು ಬೀದಿಗೆ ಕೇಳಿಸುತ್ತಿತ್ತು.

ಮಗಳು ಹೆದರಿ ನನ್ನನ್ನೇ ನೋಡಿದಳು. ಆಮೇಲೆ ಬೋರಲು ಮಲಗಿ, ಕೆಂಪು ನೆಲಕ್ಕೆ ಕಿವಿಯೊತ್ತಿ, ಕಣ್ಣು ಮುಚ್ಚಿ ಆಲಿಸಿದಳು. ಎದ್ದು ತುಟಿಗೆ ಬೆರಳಿಟ್ಟುಕೊಂಡಳು.

"ಮಲಗಿದಾರೆ."

ತುದಿಗಾಲಲ್ಲಿ ಬಂದು, ನಾನು ಎತ್ತಿದ್ದ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ ಮೆಲ್ಲಗೆ ನೆಲಕ್ಕಿಳಿಸಿದಳು.