ಎನ್‌ಡುಟುವಿಗೆ ಹೋದ ಸೂಲಗಿತ್ತಿಯರು

ಅರುಷಾದ ಗಡಿಯಾರ ಗೋಪುರದ ಹಿಂದಿನ ಓಣಿಯಲ್ಲಿ, ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಐಕರುವಾಳ ಆಫೀಸು. ಕಾಡು ನೋಡಲು ಬರುತ್ತೇವೆಂದು ದೂರದೂರದಿಂದ ಬರೆಯುವವರಿಗೆ ಯಾವ ತಿಂಗಳು ಬರಬೇಕು, ಯಾವ ಕಡೆ ಹೋಗಬೇಕು ಎಂದು ಹೇಳುವುದು ಇಪ್ಪತ್ತೊಂದು ವರ್ಷಗಳಿಂದ ಆಕೆಯ ಕೆಲಸ. ಆನೆ ಬೇಕೆಂದವರನ್ನು ಆಗಸ್ಟಿನಲ್ಲಿ ತರಂಗೀರೆಗೆ ಅಟ್ಟುತ್ತಿದ್ದಳು; ಆಗ ಸುತ್ತಲಿನ ಹೊಂಡಗಳೆಲ್ಲ ಬತ್ತಿ ಆನೆಗಳು ಅಲ್ಲಿನ ಹೊಳೆಗೇ ಸಾಲುಗಟ್ಟುತ್ತವೆ. ವಲಸೆ ಹೋಗುವ ನ್ಯುಂಬು ಎಂಬ ಕಾಡುದನಗಳ ಹಿಂಡುಗಳು ಮೊಸಳೆಗಳ ನಡುವೆ ನೀರಿಗೆ ಧುಮುಕುವುದನ್ನು ನೋಡಬೇಕೆಂದವರಿಗೆ ಅದೇ ಹೊತ್ತಿನಲ್ಲಿ ಉತ್ತರದ ಮಾರಾ ನದಿಯ ದಂಡೆ. ಏಪ್ರಿಲಿನಲ್ಲಿ ಬರುತ್ತೇವೆ ಎಂದವರಿಗೆ "ಕೆಸರು ಇಷ್ಟವಿದ್ದರೆ ಬನ್ನಿ" ಎಂದು ಬರೆದುಬಿಡುತ್ತಿದ್ದಳು. ಅದನ್ನು ಓದಿದಾಗಲೆಲ್ಲ ಆಫೀಸಿನ ಧಣಿ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದ.

ಈ ಖಡಕ್ಕು ಮಾತಿಗೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಆಕೆ ಹೊಸದಾಗಿ ಮದುವೆಯಾದ ಜೋಡಿಯೊಂದನ್ನು ಮಾರ್ಚ್ ತಿಂಗಳಲ್ಲಿ ಮಾರಾ ದಂಡೆಗೆ ಕಳಿಸಿದ್ದಳು. ಹಿಂಡುಗಳೆಲ್ಲ ಆಗ ದಕ್ಷಿಣದ ಬಯಲಿನಲ್ಲಿ. ಪಾಪ, ಗಂಡಹೆಂಡಿರಿಬ್ಬರೂ ಮೂರು ದಿನ ಖಾಲಿ ಹೊಳೆ ನೋಡಿಕೊಂಡು ಕೂತು, ಊರಿಗೆ ಹೋದ ಮೇಲೆ "ಅಲ್ಲಿದ್ದ ಒಂದೇ ಒಂದು ನೀರಾನೆ ಬಹಳ ಸಭ್ಯವಾಗಿತ್ತು" ಎಂದು ಕಾಗದ ಬರೆದರು. ಅಂದಿನಿಂದ ಐಕರುವಾ ಪುಸ್ತಕಗಳನ್ನು ಬಿಟ್ಟು ಅಡಿಗೆಯವರನ್ನು ನಂಬತೊಡಗಿದಳು. ಕಾಡಿನ ಶಿಬಿರಗಳಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಅವರೇ ತಾನೆ? ದಿನಾ ಬೆಳಿಗ್ಗೆ ಏಳೆಂಟು ಅಡಿಗೆಮನೆಗಳಿಗೆ ಫೋನು ಮಾಡಿ, ಹಿತ್ತಿಲ ಬಾಗಿಲಲ್ಲಿ ಯಾವ ಪ್ರಾಣಿ ನಿಂತಿದೆ ಎಂದು ವಿಚಾರಿಸಿಯೇ ಆಕೆ ಚಹಾ ಕುಡಿಯುವುದು. ಆಮೇಲೆ ಎಂದೂ ಲೆಕ್ಕ ತಪ್ಪಲಿಲ್ಲ.

ಇದನ್ನೆಲ್ಲ ಕವಡೆಯ ಕಿಮ್ಮತ್ತೂ ಕೊಡದ ವ್ಯಕ್ತಿ ಜಗತ್ತಿನಲ್ಲಿ ಒಬ್ಬರಿದ್ದರು, ಆಕೆಯ ಅತ್ತೆ ಎಲಿಶಿಲಿಯಾ. ಕಿಲಿಮಂಜಾರೋ ಇಳಿಜಾರಿನ ಮಚಾಮೆಯಲ್ಲಿ ಕಾಫಿ, ಬಾಳೆಯ ನಡುವೆ ಮನೆ. ವಯಸ್ಸು ಎಪ್ಪತ್ತೆಂಟು. ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದವರು. ಬೆಟ್ಟದ ಅರ್ಧ ಜನ ಹುಟ್ಟಿದ ಕೂಡಲೇ ಅವರ ಕೈಯಿಂದಲೇ ಮೊದಲ ಏಟು ತಿಂದಿದ್ದರು. ಸೊಸೆಯ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ, "ಹುಲ್ಲು ಎಲ್ಲಿದೆ ಅಂತ ಜನಕ್ಕೆ ಹೇಳ್ತಾಳೆ" ಎಂದು ಮುಗಿಸುತ್ತಿದ್ದರು.

ಕ್ರಿಸ್‌ಮಸ್ಸಿಗೆ ವಾಡಿಕೆಯಂತೆ ಎಲ್ಲರೂ ಬೆಟ್ಟ ಹತ್ತಿದ್ದರು. ಹಿತ್ತಿಲಲ್ಲಿ ಮೇಕೆ ಸುಡುತ್ತಿತ್ತು, ಒಳಗೆ ಬಾಳೆಕಾಯಿಯ ಗಟ್ಟಿ ಸಾರು ಕುದಿಯುತ್ತಿತ್ತು. ಟೀವಿಯಲ್ಲಿ ಬಯಲಿನ ಚಿತ್ರ ಬಂತು: ಗಡ್ಡ ಬಿಟ್ಟ, ದನದ ಮೈಯ, ಕುದುರೆ ಬಾಲದ ನ್ಯುಂಬುಗಳು, ಅವುಗಳ ಕಾಲಡಿ ಕಂದುಬಣ್ಣದ ಕರುಗಳು. ಫೆಬ್ರವರಿಯಲ್ಲಿ ದಿನಕ್ಕೆ ಎಂಟು ಸಾವಿರ ಕರು ಹುಟ್ಟುವುದುಂಟು ಎಂದಿತು ಟೀವಿ. ಎಲಿಶಿಲಿಯಾ ಸೌಟು ಹಿಡಿದೇ ಒಳಗಿನಿಂದ ಬಂದರು.

"ಎಷ್ಟು ಅಂದ?"

"ಎಂಟು ಸಾವಿರ, ಅತ್ತೆ."

"ದಿನಕ್ಕಾ? ಯಾರು ಹೆರಿಗೆ ಮಾಡಿಸ್ತಾರೆ?"

"ಯಾರೂ ಇಲ್ಲ. ಅವಕ್ಕವೇ ಹೆರ್ತಾವೆ. ಕರು ಏಳು ನಿಮಿಷಕ್ಕೆ ಎದ್ದು ನಿಂತು ಓಡುತ್ತೆ."

"ಹೋಗೇ ಸುಳ್ಳಿ! ನಿನ್ನ ಗಂಡ ಎದ್ದು ನಿಲ್ಲೋಕೆ ಹದಿನಾಲ್ಕು ತಿಂಗಳು ತಗೊಂಡ."

ಮೂಲೆಯಲ್ಲಿ ಸೋದರಮಾವನೊಡನೆ ಬಾಳೆಹಣ್ಣಿನ ಬಿಯರು ಹೀರುತ್ತಿದ್ದ ಗಂಡ ಮುಖ ಆಚೆ ತಿರುಗಿಸಿದ. ಎಲಿಶಿಲಿಯಾ ಸೌಟನ್ನು ಸೊಸೆಯ ಮೂಗಿನ ನೇರಕ್ಕೆ ಹಿಡಿದರು. "ಊರಿಗೆಲ್ಲ ತೋರಿಸ್ತೀಯಲ್ಲ, ನಂಗೆ ತೋರಿಸು ನೋಡೋಣ. ಯಾವ ದಿನ? ಎಷ್ಟು ಗಂಟೆಗೆ?"

ಐಕರುವಾ ಮದುವೆಯಾಗಿ ಬಂದ ಇಪ್ಪತ್ತಾರು ವರ್ಷಗಳಲ್ಲಿ ಅತ್ತೆ ಆಕೆಯನ್ನು ಏನಾದರೂ ಕೇಳಿದ್ದು ಅದೇ ಮೊದಲು. ಆ ಹೆರಿಗೆಯ ಸುಗ್ಗಿಯನ್ನು ಸ್ವತಃ ಆಕೆಯೂ ನೋಡಿರಲಿಲ್ಲ. ಫೆಬ್ರವರಿಯಲ್ಲಿ ಆಫೀಸಿನಿಂದ ಎಂದೂ ರಜೆ ಸಿಕ್ಕಿರಲಿಲ್ಲ.

"ಫೆಬ್ರವರಿ ಮಧ್ಯಕ್ಕೆ ಎನ್‌ಡುಟು ಬಯಲು," ಎಂದಳು. "ಬೆಳಿಗ್ಗೆ ಎಂಟರಿಂದ ಹನ್ನೊಂದರ ಒಳಗೆ. ತಾರೀಕನ್ನ ಮಳೆ ಹೇಳುತ್ತೆ, ನಾನಲ್ಲ."

ಧಣಿ ರಜೆಯನ್ನೂ ಕೊಟ್ಟ, ಒಂದು ವ್ಯಾನನ್ನೂ ಕೊಟ್ಟ. ಆಕೆ ಕೇಳಿದ ರಭಸಕ್ಕೆ ಹೆದರಿರಬೇಕು. ಆದರೆ ಜನವರಿಯಲ್ಲಿ ಮಳೆ ಕೈಕೊಟ್ಟಿತು. ಬಯಲಿನ ಎಳೆಹುಲ್ಲು ಒಣಗಿ, ಹಿಂಡುಗಳು ಪಶ್ಚಿಮದ ಕುರುಚಲು ಕಾಡಿನತ್ತ ಸರಿದುಬಿಟ್ಟವು. ಎನ್‌ಡುಟುವಿನ ಅಡಿಗೆಯವ ದಿನಾ ಅದೇ ಮಾತು ಹೇಳುತ್ತಿದ್ದ: "ಅಕ್ಕಾ, ಒಂದು ಮೊಲಾನೂ ಇಲ್ಲ." ಅವನು ಫೋನು ಇಟ್ಟ ಅರ್ಧ ಗಂಟೆಗೆ ಸರಿಯಾಗಿ ಅತ್ತೆಯ ಫೋನು.

"ಏನಾಯ್ತೇ? ನೋವು ಶುರುವಾಯ್ತಾ?"

"ಇನ್ನೂ ಇಲ್ಲ ಅತ್ತೆ."

"ಗರ್ಭದ ಬಾಯಿ ಎಷ್ಟು ಬೆರಳು ಬಿಟ್ಟಿದೆ?"

"ಒಂದೂ ಬಿಟ್ಟಿಲ್ಲ."

"ಕಾಯೋಣ. ಚೊಚ್ಚಿಲು ಅಂದ್ರೆ ಹಾಗೇನೇ."

ಫೆಬ್ರವರಿ ಒಂಬತ್ತಕ್ಕೆ ಅಡಿಗೆಯವನ ದನಿಯ ಹಿಂದೆ ತಗಡಿನ ಮೇಲೆ ಬಡಿಯುವ ಸದ್ದು ಕೇಳಿತು. "ಅಕ್ಕಾ, ಸೌದೆಯೆಲ್ಲ ನೆನೆದು ಹೋಯ್ತು!" ಎಂದು ಅವನು ಅಳುತ್ತಿದ್ದರೆ ಐಕರುವಾ ಕುರ್ಚಿಯಿಂದ ಎದ್ದು ಕುಣಿದಳು. ಕೆಳಗಿನ ದರ್ಜಿ ಚಾವಣಿಗೆ ಕೋಲಿನಿಂದ ಕುಟ್ಟಿದ. ಮಳೆ ಬಿದ್ದ ಆರು ದಿನಕ್ಕೆ ಹುಲ್ಲು ಚಿಗುರುತ್ತದೆ, ಚಿಗುರಿನ ವಾಸನೆಗೆ ಹಿಂಡು ಮರಳಲು ಇನ್ನೊಂದೆರಡು ದಿನ. ಬೆರಳು ಮಡಚಿ ಎಣಿಸಿದಳು. ಹದಿನೇಳು, ಮಂಗಳವಾರ.

"ದಿನ ಹೇಳೋ ಡಾಕ್ಟರನ್ನ ನಾನು ಯಾವತ್ತೂ ನಂಬಿಲ್ಲ," ಎಂದರು ಅತ್ತೆ. "ಆದ್ರೂ ಬರ್ತೀನಿ. ಇನ್ನಿಬ್ಬರು ಬರ್ತಾರೆ."

ಆ ಇನ್ನಿಬ್ಬರು ಎಲಿಶಿಲಿಯಾರ ಜೊತೆ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾದವರು. ನಾಂಜಿಯಾ, ಪಾರೆ ಬೆಟ್ಟದ ಕಡೆಯವಳು, ಕಡ್ಡಿಯಂಥ ಮೈ, ಎಲ್ಲದಕ್ಕೂ ಗಾಬರಿ. ಮ್ವನೈದಿ, ಟಾಂಗಾದ ಕರಾವಳಿಯವಳು, ತುಂಬಿದ ದೇಹ, ಅದಕ್ಕಿಂತ ತುಂಬಿದ ಬಾಯಿ. ಸೋಮವಾರ ಬೆಳಗಾಗುವ ಹೊತ್ತಿಗೆ ಮೂವರೂ ಹೊಸ ಬಣ್ಣದ ಕಂಗಾ ಬಟ್ಟೆ ಸುತ್ತಿಕೊಂಡು, ಶುಂಠಿ ಚಹಾದ ಮೂರು ಫ್ಲಾಸ್ಕು, ಎಣ್ಣೆಯಲ್ಲಿ ಕರಿದ ಸಿಹಿ ಮಂದಾಜಿಯ ಒಂದು ಬುಟ್ಟಿ ಹಿಡಿದು ವ್ಯಾನು ಹತ್ತಿದರು. ಚಾಲಕ ಅಕೋನಾಯ್‌ಗೆ ಐವತ್ತರ ಹತ್ತಿರ. ಇಪ್ಪತ್ತು ವರ್ಷದಿಂದ ಈ ದಾರಿಯಲ್ಲಿ ವಿದೇಶದವರನ್ನು ಹೊತ್ತು ತಿರುಗಿದವನು. ಹಿಂದಿನ ಸೀಟಿನಲ್ಲಿ ಮಂದಾಜಿ ಕೈಬದಲಾಗುವುದನ್ನು ಕನ್ನಡಿಯಲ್ಲಿ ನೋಡಿ ಬಾಯಿ ಚಪ್ಪರಿಸಿದ.

"ನಂಗೂ ಒಂದು ಕೊಡಿ ಅಜ್ಜೀ."

"ಮೊದ್ಲು ಕರು, ಆಮೇಲೆ ಮಂದಾಜಿ," ಎಂದಳು ಮ್ವನೈದಿ.

ನಾಂಜಿಯಾಳ ಕೈಚೀಲ ಜಾರಿ ಬಿದ್ದು, ಒಳಗಿನಿಂದ ಒಂದು ಜೊತೆ ರಬ್ಬರು ಕೈಗವಸು ಹೊರಬಿತ್ತು.

"ಯಾವುದಕ್ಕೂ ಇರ್ಲಿ ಅಂತ..." ಎಂದಳು ನಾಂಜಿಯಾ. ಮ್ವನೈದಿ ನಕ್ಕ ರಭಸಕ್ಕೆ ಅಕೋನಾಯ್ ವ್ಯಾನು ನಿಲ್ಲಿಸಬೇಕಾಯಿತು.

ದಾರಿಯಲ್ಲಿ ಆರಿದ ಜ್ವಾಲಾಮುಖಿಯೊಂದರ ಅಂಚು ಹತ್ತಿ ಇಳಿದು, ಸಂಜೆ ನಾಲ್ಕಕ್ಕೆ ಎನ್‌ಡುಟು ತಲುಪಿದರೆ, ಬಯಲು ಹಸಿರಾಗಿತ್ತು. ಹಸಿರು ಬಿಟ್ಟರೆ ಏನೂ ಇರಲಿಲ್ಲ. ದಿಗಂತದವರೆಗೆ ಒಂದು ಉಷ್ಟ್ರಪಕ್ಷಿ, ಅದೂ ಬೆನ್ನು ತೋರಿಸಿಕೊಂಡು.

"ಇದೇನಾ ಹೆರಿಗೆ ವಾರ್ಡು?" ಎಂದಳು ಮ್ವನೈದಿ. "ಭಾನುವಾರದ ಹೊರರೋಗಿ ವಿಭಾಗ ಇದ್ದ ಹಾಗಿದೆಯಲ್ಲೇ."

"ಸುಮ್ನಿರೇ," ಎಂದರು ಎಲಿಶಿಲಿಯಾ. "ಹುಡುಗಿ ಮಂಗಳವಾರ ಅಂದಿದ್ದಾಳೆ. ಇವತ್ತು ಸೋಮವಾರ."

ಐವತ್ತೆರಡು ವರ್ಷದ ಐಕರುವಾ, ತನ್ನನ್ನು ಹುಡುಗಿ ಎಂದ ಅತ್ತೆಯ ಮುಖವನ್ನು ಕಣ್ಣಂಚಿನಲ್ಲಿ ನೋಡಿದಳು. ಅವರು ಬಯಲನ್ನೇ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಅಡಿಗೆಯವನೇ ಡೇರೆಯಿಂದ ಡೇರೆಗೆ ಓಡಿದ. "ಅಕ್ಕಾ, ಏಳಿ! ಕಿವಿಗೊಟ್ಟು ಕೇಳಿ!" ದೂರದಲ್ಲಿ ಗೊಣಗು. ಸಾವಿರ ಮುದುಕರು ಒಟ್ಟಿಗೆ ಕೂತು ಸರಕಾರವನ್ನು ಬೈಯುತ್ತಿರುವಂಥ ಸದ್ದು. ಹಾಸಿಗೆ ಮಡಚುವ ಮಾತೇ ಇಲ್ಲ; ಮೂವರೂ ಅಜ್ಜಿಯರು ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ವ್ಯಾನು ಹತ್ತಿದರು. ಒಂದು ದಿಬ್ಬ ಏರಿದೊಡನೆ ಅಕೋನಾಯ್ ಎಂಜಿನು ಆರಿಸಿದ.

ನಿನ್ನೆಯ ಹಸಿರು ಬಯಲು ಇವತ್ತು ಕಪ್ಪಗಿತ್ತು. ಎಲ್ಲಿ ನೋಡಿದರೂ ನ್ಯುಂಬು. ಐಕರುವಾಳಿಗೆ ಏಕೋ ನಗು ಉಕ್ಕಿತು, ಬಾಯಿಗೆ ಕಂಗಾದ ತುದಿ ತುರುಕಿಕೊಂಡಳು. ಫೆಬ್ರವರಿಯ ಬಯಲಿನ ಬಗ್ಗೆ ಸಾವಿರಾರು ಜನರಿಗೆ ಬೆರಳಚ್ಚು ಮಾಡಿ ಕಳಿಸಿದ ಎರಡು ಸಾಲು, ಕಣ್ಣೆದುರು ಉಸಿರಾಡುತ್ತ, ಸೆಗಣಿ ಹಾಕುತ್ತ, ಬಾಲ ಬೀಸುತ್ತ ನಿಂತಿತ್ತು.

"ಅಲ್ಲಿ! ಅಲ್ಲಿ, ಮೂರನೇ ಹಾಸಿಗೆ!" ಎಂದು ಪಿಸುಗುಟ್ಟಿದರು ಎಲಿಶಿಲಿಯಾ. ಮೂವತ್ತು ಹೆಜ್ಜೆ ದೂರದಲ್ಲಿ ಒಂದು ನ್ಯುಂಬು ಮಲಗಿ ಕಾಲು ಚಾಚಿತ್ತು.

"ಮುಂಗಾಲು ಎರಡೂ ಬಂದಿವೆ, ಮೇಲೆ ಮೂಗು. ಸರಿಯಾಗೇ ಇದೆ," ಎಂದರು ಅವರೇ.

"ಉಸಿರು ಬಿಡೇ, ತಾಯಿ. ಉಸಿರು ಬಿಡು," ಎಂದಳು ಮ್ವನೈದಿ. ನಾಂಜಿಯಾ ಆಗಲೇ ನ್ಯುಂಬಿನ ಪರವಾಗಿ ಹುಸ್ ಹುಸ್ ಎಂದು ಉಸಿರು ಬಿಡುತ್ತಿದ್ದಳು. ಮೂವರೂ ಒಂದೇ ಕಿಟಕಿಗೆ ವಾಲಿದ್ದರಿಂದ ವ್ಯಾನು ಆ ಮಗ್ಗುಲಿಗೆ ಜಗ್ಗಿತು.

"ಅಜ್ಜೀ, ನಮ್ಮ ವ್ಯಾನೇ ಹೆತ್ತುಬಿಡುತ್ತೆ, ಕೂತ್ಕೊಳಿ!" ಎಂದ ಅಕೋನಾಯ್.

ಕರು ನೆಲಕ್ಕೆ ಜಾರಿತು. ಎಲಿಶಿಲಿಯಾ ಎದೆಗೆ ಸಿಕ್ಕಿಸಿಕೊಂಡ ನರ್ಸಿನ ಗಡಿಯಾರವನ್ನು ತಿರುಗಿಸಿ ಹಿಡಿದರು. ತಾಯಿ ನೆಕ್ಕಿತು. ಕರು ಎದ್ದಿತು, ಮೂಗು ಮುಂದಾಗಿ ಬಿದ್ದಿತು, ಹಿಂಗಾಲು ಎತ್ತಿತು, ಪಕ್ಕಕ್ಕೆ ಉರುಳಿತು, ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಚಾಚಿಕೊಂಡು ನಿಂತೇಬಿಟ್ಟಿತು.

"ಆರು ನಿಮಿಷ, ನಲವತ್ತು ಸೆಕೆಂಡು," ಎಂದರು ಎಲಿಶಿಲಿಯಾ. "ಅಯ್ಯೋ ನನ್ನಪ್ಪಾ. ನಾವು ಇಷ್ಟು ವರ್ಷ ಮಾಡಿದ್ದಾದರೂ ಏನೇ?"

ಹತ್ತರ ಹೊತ್ತಿಗೆ ಹತ್ತೊಂಬತ್ತು ಹೆರಿಗೆಗಳಾಗಿದ್ದವು. ಮೂವರೂ ಒಂದೊಂದು ದಿಕ್ಕು ಹಂಚಿಕೊಂಡು ಕೂಗಿ ಹೇಳುತ್ತಿದ್ದರು, ಐಕರುವಾ ತಲೆ ತಿರುಗಿಸಿ ತಿರುಗಿಸಿ ಸುಸ್ತಾಗಿದ್ದಳು. ಆಗ ಎಲ್ಲಿಂದಲೋ ಒಂದು ಕತ್ತೆಕಿರುಬ ನುಗ್ಗಿತು. ಇಡೀ ಹಿಂಡು ಒಮ್ಮೆಲೇ ಎದ್ದು ಓಡಿತು, ಧೂಳಿನಲ್ಲಿ ಬಯಲೇ ಮಾಯವಾಯಿತು. ಕಿರುಬ ಹಿಂಡಿನ ಹಿಂದೆಯೇ ಓಡಿ ಕಣ್ಮರೆಯಾಯಿತು. ಧೂಳು ಅಡಗಿದಾಗ ವ್ಯಾನಿನ ಪಕ್ಕದಲ್ಲಿ ಒಂದೇ ಒಂದು ಕರು ಒದ್ದೆ ಕಿವಿ ಅಲ್ಲಾಡಿಸುತ್ತ ನಿಂತಿತ್ತು. ಅಕೋನಾಯ್ ವ್ಯಾನನ್ನು ಸ್ವಲ್ಪ ಮುಂದಕ್ಕೆ ತಂದ. ಕರುವೂ ಬಂತು. ಹಿಂದಕ್ಕೆ ತಂದ. ಕರುವೂ ಹಿಂದಕ್ಕೆ.

"ಏನ್ ಮಾಡ್ತಿದೆ ಅದು?" ಎಂದಳು ನಾಂಜಿಯಾ.

"ವ್ಯಾನೇ ಅಮ್ಮ ಅಂದುಕೊಂಡಿದೆ ಅಜ್ಜಿ," ಎಂದ ಅಕೋನಾಯ್. "ಈ ಗಲಾಟೇಲಿ ಮೊದಲು ಕಂಡಿದ್ದರ ಹಿಂದೆ ಹೋಗ್ತಾವೆ."

ನಾಂಜಿಯಾ ಕೈಗವಸು ತೊಟ್ಟು ಬಾಗಿಲ ಹಿಡಿಗೆ ಕೈ ಹಾಕಿದಳು. "ಇಳಿಯೋ ಹಾಗಿಲ್ಲ!" ಎಂದು ಐಕರುವಾ ಮತ್ತು ಅಕೋನಾಯ್ ಒಟ್ಟಿಗೆ ಕೂಗಿದರು. ಎಲಿಶಿಲಿಯಾ ಮುಂದೆ ಬಾಗಿ ಚಾಲಕನ ಹೆಗಲು ಹಿಡಿದರು. ಅದು ವಾರ್ಡಿನ ದನಿ, ಐಕರುವಾ ಅದನ್ನು ಎಂದೂ ಕೇಳಿರಲಿಲ್ಲ.

"ಮಗಾ, ಮೆಲ್ಲಗೆ ನಡೆಸು. ಮಗು ಸುಸ್ತಾಗಬಾರದು. ಐಕರುವಾ, ಹಿಂಡು ಎಲ್ಲಿ ನಿಂತಿರುತ್ತೆ? ಬೇಗ ಹೇಳು, ಇದು ನಿನ್ನ ಕೆಲಸ."

ಐಕರುವಾ ಕಣ್ಣು ಮುಚ್ಚಿ ಗಾಳಿ ಯಾವ ಕಡೆಯದೆಂದು ಗುರುತಿಸಿದಳು. ಹೊಸ ಚಿಗುರು ಎನ್‌ಡುಟು ಕೆರೆಯ ತೆಂಕಣ ದಿಕ್ಕಿಗಿದೆ ಎಂದು ಅಡಿಗೆಯವ ಮೊನ್ನೆ ಹೇಳಿದ್ದು ನೆನಪಾಯಿತು. "ಎಡಕ್ಕೆ. ಆ ಒಂಟಿ ಅಕೇಶಿಯಾ ಮರ ದಾಟಿ."

ವ್ಯಾನು ಮದುವೆ ಮೆರವಣಿಗೆಯಂತೆ ತೆವಳಿತು, ಹಿಂದೆ ತಾಸಿನ ವಯಸ್ಸಿನ ಕರು ಟಪಟಪ ಹೆಜ್ಜೆ ಹಾಕಿತು. ಮ್ವನೈದಿ ಹಿಂದಿನ ಗಾಜಿಗೆ ಮುಖ ಒತ್ತಿ, "ಬಾ ಬಂಗಾರಿ, ಬಾ, ಈ ಕಬ್ಬಿಣದಮ್ಮನಿಗೆ ಹಾಲಿಲ್ಲ, ನಿಮ್ಮಮ್ಮನ್ನ ಹುಡುಕೋಣ" ಎಂದು ಲಾಲಿ ಹಾಡಿದಳು. ಮರ ದಾಟಿದರೆ ಹಿಂಡು ಅಲ್ಲೇ, ಏನೂ ಆಗಿಲ್ಲವೆಂಬಂತೆ ಮೇಯುತ್ತಿತ್ತು. ಅಕೋನಾಯ್ ನಿಂತ. ಕರು ಕೂಗಿತು. ಒಂದು ನ್ಯುಂಬು ಬಂದು ಮೂಸಿ, ತಲೆಯಿಂದ ದೂಡಿ ಹೋಯಿತು. ಇನ್ನೊಂದು ಹಾಗೆಯೇ ಮಾಡಿತು. ನಾಂಜಿಯಾ ಕೈಗವಸಿನಲ್ಲೇ ಪ್ರಾರ್ಥನೆ ಮಾಡುತ್ತಿದ್ದಳು. ಕರು ಮತ್ತೆ ಕೂಗಿತು, ಆಗ ಹಿಂಡಿನ ಆಚೆಯಿಂದ ಒಂದು ಹರಕು ದನಿ ಮಾರುತ್ತರ ಕೊಟ್ಟಿತು. ಬಾಲದಲ್ಲಿ ಇನ್ನೂ ರಕ್ತದ ಕಲೆಯಿದ್ದ ಒಂದು ನ್ಯುಂಬು ಎಲ್ಲರನ್ನೂ ನೂಕಿಕೊಂಡು ಓಡಿಬಂದು, ಕರುವನ್ನು ತಲೆಯಿಂದ ಬಾಲದವರೆಗೆ ಮೂಸಿ, ಪಕ್ಕೆ ತಿರುಗಿಸಿ ನಿಂತಿತು. ಕರು ಕೆಚ್ಚಲಿಗೆ ಬಾಯಿ ಹಾಕಿತು.

ಯಾರಾದರೂ ಹುಟ್ಟಿದರೆ ನಾಲಗೆ ಹೊರಳಿಸಿ ಕೇಕೆ ಹಾಕದೆ ಬಿಡುವ ಹೆಂಗಸು ಆ ದೇಶದಲ್ಲಿಲ್ಲ. ಆದರೆ ಹಿಂಡು ಬೆದರುತ್ತದೆ. ಮೂವರೂ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಮೈ ಕುಲುಕಿಸುತ್ತ ಕೂತರು. ಎರಡು ದಿಬ್ಬ ದಾಟಿ ರಸ್ತೆಗೆ ಬಂದದ್ದೇ ತಡ, ಅಕೋನಾಯ್ ಚಾವಣಿ ತೆರೆದ. ಮೂವರೂ ತಲೆ ಹೊರಹಾಕಿ, ಹತ್ತೊಂಬತ್ತು ಹೆರಿಗೆಗೂ ತಾಯಿ ಸಿಕ್ಕ ಕರುವಿಗೂ ಸೇರಿ ಕಟ್ಟಿಟ್ಟ ಇಪ್ಪತ್ತು ಕೇಕೆಗಳನ್ನೂ ಒಂದರ ಹಿಂದೊಂದು ಹೊರಬಿಟ್ಟರು. ಎದುರಿನಿಂದ ಬರುತ್ತಿದ್ದ ವಿದೇಶೀಯರ ಜೀಪೊಂದು ನಿಂತು ಅವರ ಫೋಟೋ ತೆಗೆಯಿತು.

"ನೀನೂ ಹಾಕೇ," ಎಂದರು ಎಲಿಶಿಲಿಯಾ ಸೊಸೆಯನ್ನು ಮೇಲಕ್ಕೆಳೆದು.

"ನಂಗೆ ಸರಿಯಾಗಿ ಬರಲ್ಲ ಅತ್ತೆ. ಚಿಕ್ಕಂದಿನಿಂದ್ಲೂ ನಾಲಗೆ ತಿರುಗಲ್ಲ."

"ಹಿಡ್ಕೊಂಡ್ರೆ ಏನೂ ಹೊರಗೆ ಬರಲ್ಲ ಕಣೇ. ಸಡಿಲ ಬಿಡು. ಹೂಂ, ತಳ್ಳು!"

ಐಕರುವಾ ಬಾಯಿ ತೆರೆದಳು. ಮೊದಲು ಬಂದದ್ದು ಕೋಳಿಯ ಕ್ಕೊಕ್ಕೊ. ಮ್ವನೈದಿ ನಕ್ಕು ನಕ್ಕು ಸೀಟಿನ ಸಂದಿಗೆ ಜಾರಿದಳು, ಅವಳನ್ನು ಎತ್ತಲು ನಾಂಜಿಯಾ ಕೈಗವಸು ಕಳಚಬೇಕಾಯಿತು. ಐಕರುವಾ ಮತ್ತೆ ತಳ್ಳಿದಳು. ಮೂರನೆಯ ಸಲ ನಾಲಗೆ ತಾನೇತಾನಾಗಿ ಹೊರಳಿ, ಕೇಕೆ ಬಯಲಿನ ಮೇಲೆ ಉದ್ದಕ್ಕೆ ಹರಿಯಿತು. ವಾರ್ಡಿನಲ್ಲಿ ಮಗು ಹುಟ್ಟಿದಾಗ ಹೇಳುತ್ತಿದ್ದಂತೆಯೇ ಅತ್ತೆ ಗಡಿಯಾರ ನೋಡಿ ಹೊತ್ತು ಹೇಳಿದರು.